ಬಕೆಟ್ ಗುರುತಿನ ಮೇಷ್ಟ್ರು

ಮತಗಟ್ಟೆಯ ಹೊರಗೆ ಗೋಡೆಗೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಕ್ಷೇತ್ರದಲ್ಲಿ ನಿಂತಿರುವ ಎಲ್ಲ ಅಭ್ಯರ್ಥಿಗಳ ಹೆಸರು, ಪಕ್ಷ, ಗುರುತು ಅದರಲ್ಲಿರುತ್ತದೆ. ನಿಂತು ಓದುವವರು ಕಮ್ಮಿ. 2023ರ ಮೇ 10ರಂದು ಬೆಂಗಳೂರಿನಲ್ಲಿ ನಮ್ಮ ಸಾಲು ಮುಂದಕ್ಕೇ ಹೋಗುತ್ತಿರಲಿಲ್ಲ. ಮೊಬೈಲ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಹಾಗಾಗಿ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದೆ. ಮೇಲಿನ ಮೂರ್ನಾಲ್ಕು ಹೆಸರು ಬಿಟ್ಟರೆ ಉಳಿದವರು ಯಾರೂ ಗೊತ್ತಿಲ್ಲ. ಅವರು ನಮ್ಮ ಬೀದಿಗೆ ಬಂದಿರಲಿಲ್ಲ, ಕರಪತ್ರ ಕೊಟ್ಟಿರಲಿಲ್ಲ, ಟಿವಿಯಲ್ಲಂತೂ ಕಾಣಿಸುವ ಮಾತೇ ಇಲ್ಲ. ಹಿಂದೆ ನಿಂತಿದ್ದವರೂ ಅದನ್ನೇ ಓದುತ್ತಿದ್ದರು ಅಂತ ಕಾಣುತ್ತದೆ. "ಇವರಿಗೆಲ್ಲ ಮಾಡಕ್ಕೆ ಬೇರೆ ಕೆಲಸ ಇಲ್ವಾ ಸಾರ್? ಹತ್ತು ಸಾವಿರ ಸುಮ್ನೆ ಹೋಗುತ್ತೆ" ಅಂದರು. ಅಕ್ಕಪಕ್ಕದವರು ನಕ್ಕರು. ಸಾಲು ಮುಂದೆ ಹೋಯಿತು.

ಆ ಮಾತು ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಆ ಚುನಾವಣೆಯಲ್ಲಿ ನಮ್ಮ ರಾಜ್ಯದ 224 ಸ್ಥಾನಗಳಿಗೆ 2,600ಕ್ಕೂ ಹೆಚ್ಚು ಜನ ನಿಂತಿದ್ದರು. ಅವರಲ್ಲಿ 900ಕ್ಕೂ ಹೆಚ್ಚು ಮಂದಿ ಪಕ್ಷೇತರರು. ಗೆದ್ದ ಪಕ್ಷೇತರರು ಇಬ್ಬರೇ: ಹರಪನಹಳ್ಳಿಯಲ್ಲಿ ಲತಾ ಮಲ್ಲಿಕಾರ್ಜುನ್, ಗೌರಿಬಿದನೂರಿನಲ್ಲಿ ಕೆ.ಎಚ್. ಪುಟ್ಟಸ್ವಾಮಿಗೌಡ. ಲತಾ ಅವರು ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶರ ಮಗಳು. ಗೌಡರನ್ನೂ ಕ್ಷೇತ್ರದಲ್ಲಿ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಉಳಿದವರ ಮಾತು ಹೇಳಿ. ನಮ್ಮ ಸಾಲಿನ ಯಜಮಾನರು ಕೇಳಿದ್ದು ಅವರ ಬಗ್ಗೆ ತಾನೆ? ಸೋಲುತ್ತೇವೆ ಅಂತ ನಾಮಪತ್ರ ಸಲ್ಲಿಸುವ ದಿನವೇ ಗೊತ್ತಿದ್ದೂ ಇವರು ಯಾಕೆ ನಿಲ್ಲುತ್ತಾರೆ? ಹುಚ್ಚು, ಚಟ, ಹೆಸರಿನ ಆಸೆ, ಯಾರೋ ದುಡ್ಡು ಕೊಟ್ಟು ನಿಲ್ಲಿಸಿರುತ್ತಾರೆ... ಉತ್ತರಗಳು ನಮ್ಮ ಹತ್ತಿರ ರೆಡಿ ಇರುತ್ತವೆ. ಆದರೆ ಅಂಥ ಒಬ್ಬರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಈ ಯಾವ ಉತ್ತರವೂ ಹೊಂದುವುದಿಲ್ಲ.

ವೋಟು ಕೊಡ್ತೀನಿ, ಸೈನ್ ಕೇಳಬೇಡಿ

ನಮ್ಮೂರು ತುಮಕೂರು ಜಿಲ್ಲೆಯ ಒಣ ಸೀಮೆಯಲ್ಲಿದೆ. 2008ರಲ್ಲಿ ನಾನು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಊರಲ್ಲೇ ಇದ್ದೆ. ಒಂದು ಬೆಳಗ್ಗೆ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಮನೆಗೆ ಬಂದರು. ಆಗಷ್ಟೇ ರಿಟೈರ್ ಆಗಿದ್ದರು. ಕಾಫಿ ಲೋಟ ಕೆಳಗಿಡುವ ಮೊದಲೇ, "ಲೋ, ನಾನು ಎಮ್ಮೆಲ್ಲೆಗೆ ನಿಲ್ತಾ ಇದೀನಿ ಕಣೋ. ಓಡಾಡಕ್ಕೆ ನೀನು ಬೇಕು" ಅಂದರು. ಅಮ್ಮ ಒಳಗಿಂದ ಬಗ್ಗಿ ನೋಡಿದರು. ತಮಾಷೆಯಲ್ಲ ಅಂತ ಅವರ ಮುಖದಲ್ಲೇ ಗೊತ್ತಾಗುತ್ತಿತ್ತು.

ಕಾರಣ ದೊಡ್ಡದೇನೂ ಅಲ್ಲ. ಶಾಲೆಯ ಆಟದ ಬಯಲಿನ ಒಂದು ಭಾಗ ಒತ್ತುವರಿಯಾಗಿತ್ತು. ಮೇಷ್ಟ್ರು ಸರ್ವೀಸಿನಲ್ಲಿದ್ದಾಗಿನಿಂದ ಅರ್ಜಿ ಕೊಡುತ್ತಲೇ ಬಂದಿದ್ದರು. ಎಲ್ಲ ಪಕ್ಷದವರ ಮನೆ ಬಾಗಿಲಿಗೂ ಹೋಗಿದ್ದರು. ಎಲ್ಲರೂ ನೋಡೋಣ ಅಂದಿದ್ದರು. ಮೇಷ್ಟ್ರ ಲೆಕ್ಕ ಹೀಗಿತ್ತು: "ಅರ್ಜಿ ಕೊಟ್ರೆ ತಗೊಳ್ಳದೆ ಇರಬಹುದು. ನಾಮಪತ್ರ ಕೊಟ್ರೆ ತಗೊಳ್ಳಲೇಬೇಕು. ಸ್ವೀಕೃತಿಯನ್ನೂ ಕೊಡಬೇಕು." ಆ ವಯಸ್ಸಿನಲ್ಲಿ ನನಗೆ ಇದು ಬರೀ ಹಟ ಅನ್ನಿಸಿತ್ತು.

ನಾಮಪತ್ರ ಅಂದರೆ ದುಡ್ಡು ಕಟ್ಟಿದರೆ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಆಗ ವಿಧಾನಸಭೆಗೆ ಠೇವಣಿ 5,000 ರೂಪಾಯಿ. ಅದನ್ನು ಮೇಷ್ಟ್ರು ಬ್ಯಾಂಕಿನಿಂದ ತೆಗೆದಿಟ್ಟಿದ್ದರು. ತಾಪತ್ರಯ ಆಗಿದ್ದು ಸೂಚಕರದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸಹಿ ಹಾಕಿದರೆ ಸಾಕು. ಪಕ್ಷೇತರನಿಗೆ ಹತ್ತು ಜನ ಬೇಕು. ಹತ್ತು ಜನ ಯಾವ ಲೆಕ್ಕ, ಮೇಷ್ಟ್ರ ಕೈಲಿ ಕಲಿತವರೇ ಊರ ತುಂಬ ಇದ್ದಾರಲ್ಲ ಅಂದುಕೊಂಡು ಹೊರಟೆವು. ಮೊದಲ ಮನೆಯಲ್ಲೇ ಹಳೇ ಶಿಷ್ಯ ಕೈ ಮುಗಿದ. "ಮೇಷ್ಟ್ರೇ, ವೋಟು ಬೇಕಾದ್ರೆ ಕೊಡ್ತೀನಿ, ಸೈನ್ ಮಾತ್ರ ಕೇಳಬೇಡಿ." ವೋಟು ಯಾರಿಗೂ ಕಾಣುವುದಿಲ್ಲ. ಸೈನ್ ಕಾಣುತ್ತದೆ. ನಾಳೆ ಬೋರ್‌ವೆಲ್ ಸಬ್ಸಿಡಿಗೋ ಮನೆ ಮಂಜೂರಾತಿಗೋ ಹೋದಾಗ "ನೀನು ಅವರಿಗೆ ಸೂಚಕ ಆಗಿದ್ದೆಯಲ್ಲ" ಅಂತ ಯಾರಾದರೂ ಕೇಳಿದರೆ? ಅವನ ಭಯ ಸುಳ್ಳೇನಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಕೊನೆಗೆ ಕಳೆದುಕೊಳ್ಳಲು ಏನೂ ಇಲ್ಲದವರೇ ಸಿಕ್ಕರು. ಸೈಕಲ್ ಶಾಪಿನವನು, ಇಬ್ಬರು ಗಾರೆ ಕೆಲಸದವರು, ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಅಜ್ಜಿ, ಹೀಗೆ. ಅಜ್ಜಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವುದಾದರೆ ಅಧಿಕಾರಿಯ ಎದುರಿಗೇ ಒತ್ತಬೇಕು. ಆಟೋದಲ್ಲಿ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದೆವು. ಒತ್ತಿಯಾದ ಮೇಲೆ ಅಜ್ಜಿ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತಾ, "ಸ್ವಾಮಿ, ಇವಾಗ ಮೇಷ್ಟ್ರು ಗೆದ್ದಂಗಾ?" ಅಂತ ಕೇಳಿತು. ಆ ಅಧಿಕಾರಿ ಒಳ್ಳೆಯವರು. "ಇಲ್ಲಮ್ಮ, ನಿಂತಂಗೆ" ಅಂದರು.

ಇನ್ನು ಗುರುತಿನ ಕಥೆ. ಪಕ್ಷೇತರರು ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆರಿಸಿ ಬರೆದುಕೊಡಬೇಕು. ಡ್ರಿಲ್ ಮೇಷ್ಟ್ರಲ್ವಾ, ಮೊದಲು ಬ್ಯಾಟ್ ಬರೆದರು. ಎರಡನೆಯದು ಕಪ್ಪು ಹಲಗೆ. ಮೂರನೆಯದಕ್ಕೆ ಏನೂ ಹೊಳೆಯದೆ ಬಕೆಟ್ ಅಂತ ಬರೆದರು. ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲೆ ನೋಡಿದರೆ ಬ್ಯಾಟಿಗೆ ಪೈಪೋಟಿ, ಚೀಟಿ ಎತ್ತಿದರು, ಅದು ಒಬ್ಬ ಸೈಟ್ ವ್ಯಾಪಾರದವನ ಪಾಲಾಯಿತು. ಕಪ್ಪು ಹಲಗೆಯೂ ಹೋಯಿತು. ಬಕೆಟ್ ಯಾರಿಗೂ ಬೇಕಿರಲಿಲ್ಲ. ಮೇಷ್ಟ್ರು ಪೆಚ್ಚಾದರು. ಸಂಜೆ ಸಂತೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ ಕೊಂಡು ಆಟೋ ಮುಂದೆ ಕಟ್ಟಿದೆವು. ಪ್ರಚಾರಕ್ಕೆ ಹೋದಲ್ಲೆಲ್ಲ ಹುಡುಗರು ಅದರೊಳಗೆ ಕಲ್ಲು ಹಾಕುತ್ತಿದ್ದರು.

1996

ಆಮೇಲೆ ಬೆಂಗಳೂರಿಗೆ ಬಂದ ಮೇಲೆ ಈ ಠೇವಣಿ, ಈ ಹತ್ತು ಸಹಿ ಎಲ್ಲಿಂದ ಬಂದವು ಅಂತ ಓದತೊಡಗಿದೆ. ದಾರಿ ನೇರವಾಗಿ 1996ಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ವಿಧಾನಸಭೆಗೆ ಠೇವಣಿ 250 ರೂಪಾಯಿ, ಲೋಕಸಭೆಗೆ 500. ಆ ವರ್ಷ ಆಂಧ್ರದ ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ 480 ಜನ ನಿಂತರು. ಅಲ್ಲಿನ ನೀರಿನಲ್ಲಿ ಫ್ಲೋರೈಡ್. ಮಕ್ಕಳ ಕೈಕಾಲು ಸೊಟ್ಟಗಾಗುತ್ತಿದ್ದವು, ದೊಡ್ಡವರ ಬೆನ್ನು ಬಾಗುತ್ತಿತ್ತು. ಕುಡಿಯುವ ನೀರು ಕೊಡಿ ಅಂತ ಕೇಳಿ ಕೇಳಿ ಸಾಕಾಗಿ ಜನ ಸಾಲಾಗಿ ನಾಮಪತ್ರ ಹಾಕಿದರು. ಅದೇ ವರ್ಷ ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳು. ಅದು ಗಡಿ ವಿವಾದದ ಕಡೆ ದೆಹಲಿ ತಿರುಗಿ ನೋಡಲಿ ಅಂತ ಮಾಡಿದ್ದು. (ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಅವರ ಬೇಡಿಕೆ ನನಗೆ ಒಪ್ಪಿಗೆಯಿಲ್ಲ. ಆದರೆ ಹಾದಿ ಅದೇ.) ಬೆಳಗಾವಿಗೆ ಇದು ಹೊಸದೂ ಅಲ್ಲ, 1985ರ ವಿಧಾನಸಭಾ ಚುನಾವಣೆಯಲ್ಲೇ ಅಲ್ಲಿ 301 ಜನ ನಿಂತಿದ್ದರು. ತಮಿಳುನಾಡಿನ ಮೊಡಕುರಿಚ್ಚಿಯದು ಎಲ್ಲಕ್ಕಿಂತ ದೊಡ್ಡ ಲೆಕ್ಕ. ಒಂದು ವಿಧಾನಸಭಾ ಸ್ಥಾನಕ್ಕೆ 1,033 ಅಭ್ಯರ್ಥಿಗಳು, ಹೆಚ್ಚಿನವರು ರೈತರು. ಮತಪತ್ರ ಅಲ್ಲಿ ಪುಸ್ತಕವಾಯಿತು. ಮತದಾನವನ್ನೇ ಮುಂದಕ್ಕೆ ಹಾಕಬೇಕಾಯಿತು. ಕೆಲವರಿಗೆ ಒಂದು ವೋಟೂ ಬೀಳಲಿಲ್ಲ. ಅಂದರೆ ಅವರು ತಮಗೆ ತಾವೇ ಹಾಕಿಕೊಂಡಿರಲಿಲ್ಲ!

ಸರ್ಕಾರ ಇದನ್ನು ನೋಡಿ ಏನು ಮಾಡಬೇಕಿತ್ತು? ನಲ್ಗೊಂಡಕ್ಕೆ ನೀರು ಕೊಡುವುದು ಒಂದು ದಾರಿ. ಅದು ಬೇಗ ಆಗುವ ಕೆಲಸವಲ್ಲ ಬಿಡಿ. ಬೇಗ ಆಗಿದ್ದು ಕಾನೂನು ತಿದ್ದುಪಡಿ. ಅದೇ 1996ರಲ್ಲಿ ಠೇವಣಿ ಇಪ್ಪತ್ತು ಪಟ್ಟು ಏರಿತು: ವಿಧಾನಸಭೆಗೆ 5,000, ಲೋಕಸಭೆಗೆ 10,000. ಪಕ್ಷೇತರರಿಗೆ ಹತ್ತು ಸೂಚಕರ ನಿಯಮ ಬಂತು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲ ಅಂತಲೂ ಆಯಿತು. 2010ರಿಂದ ಠೇವಣಿ ಮತ್ತೆ ಏರಿ 10,000 ಮತ್ತು 25,000 ಆಗಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಬಿದ್ದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಮಾತ್ರ ದುಡ್ಡು ವಾಪಸ್.

ಆ ತಿದ್ದುಪಡಿಯಲ್ಲಿ ಇನ್ನೊಂದು ಅಂಶವಿದೆ. ಅದರ ಬಗ್ಗೆ ಮಾತಾಡುವವರು ಕಮ್ಮಿ. ಮೊದಲೆಲ್ಲ ಮತದಾನಕ್ಕೆ ಮುಂಚೆ ಕಣದಲ್ಲಿರುವ ಯಾವ ಅಭ್ಯರ್ಥಿ ಸತ್ತರೂ ಚುನಾವಣೆ ರದ್ದಾಗುತ್ತಿತ್ತು. ಪಕ್ಷೇತರ ಸತ್ತರೂ ಅಷ್ಟೇ. ಚುನಾವಣೆ ನಿಲ್ಲಿಸಬೇಕು ಅನ್ನುವವರಿಗೆ ಕಾವಲಿಲ್ಲದ ಒಬ್ಬ ಬಡ ಪಕ್ಷೇತರನ ಜೀವ ಸುಲಭದ ಗುರಿಯಾಗಿತ್ತು. ಈಗ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಸತ್ತರೆ ಮಾತ್ರ ಮತದಾನ ಮುಂದಕ್ಕೆ ಹೋಗುತ್ತದೆ. 2018ರಲ್ಲಿ ಜಯನಗರದ ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ತೀರಿಕೊಂಡಾಗ ಆಗಿದ್ದು ಅದೇ. ನಿಯಮ ಸರಿಯಾದದ್ದೇ, ಎಷ್ಟೋ ಜನರ ಜೀವ ಉಳಿಸಿರಬಹುದು. ಆದರೂ ಓದುವಾಗ ಒಂದು ಥರ ಆಗುತ್ತದೆ. ಮೇಷ್ಟ್ರು ಆ ಉರಿಬಿಸಿಲಿನಲ್ಲಿ ಪ್ರಚಾರಕ್ಕೆ ಹೋಗಿ ಸತ್ತಿದ್ದರೆ ಕ್ಷೇತ್ರದಲ್ಲಿ ಒಂದು ಗಂಟೆಯೂ ಕೆಲಸ ನಿಲ್ಲುತ್ತಿರಲಿಲ್ಲ.

ಯಾರನ್ನು ತಡೆಯಿತು?

ಠೇವಣಿ ಏರಿಸಿದ್ದು ತಮಾಷೆಗೆ ನಿಲ್ಲುವವರನ್ನು ತಡೆಯಲು ಅನ್ನುತ್ತಾರೆ. ತಮಾಷೆಯವರು ಇದ್ದರು, ನಿಜ. ನಮ್ಮಲ್ಲೇ ಹೊಟ್ಟೆಪಕ್ಷದ ರಂಗಸ್ವಾಮಿ ಇದ್ದರಲ್ಲ, 86 ಚುನಾವಣೆಗೆ ನಿಂತು, ಎಲ್ಲದರಲ್ಲೂ ಸೋತು, ಗಿನ್ನೆಸ್ ದಾಖಲೆ ಮಾಡಿದರು. ಜನ ನಕ್ಕರು. ಆದರೆ ಯೋಚಿಸಿ, ಹೊಟ್ಟೆಯ ಹೆಸರಿನಲ್ಲಿ ಪಕ್ಷ ಕಟ್ಟುವುದು ಅಷ್ಟೊಂದು ನಗುವ ವಿಷಯವಾ? ಈಗ ಎಲ್ಲ ಪಕ್ಷದ ಪ್ರಣಾಳಿಕೆಯಲ್ಲೂ ಮೊದಲ ಪುಟದಲ್ಲಿರುವುದು ಅಕ್ಕಿಯೇ.

ದುಡ್ಡಿರುವವರು ನಿಲ್ಲಿಸುವ ಡಮ್ಮಿಗಳಿಗೆ ಹತ್ತು ಸಾವಿರ ಯಾವ ಮೂಲೆಗೆ? ವಿಧಾನಸಭೆ ಅಭ್ಯರ್ಥಿಯ ವೆಚ್ಚದ ಮಿತಿಯೇ ಈಗ 40 ಲಕ್ಷ. ಕಾಗದದ ಮೇಲಿನ ಮಿತಿ ಅದು, ನಿಜದ ಖರ್ಚು ಎಷ್ಟು ಅಂತ ಊರಿನ ಯಾವ ಟೀ ಅಂಗಡಿಯಲ್ಲಾದರೂ ಹೇಳುತ್ತಾರೆ. ಒಬ್ಬ ಡಮ್ಮಿಯನ್ನು ನಿಲ್ಲಿಸಿದರೆ ಅವನ ಹೆಸರಲ್ಲಿ ವಾಹನದ ಪಾಸ್ ಸಿಗುತ್ತದೆ. ಬೂತಿನಲ್ಲಿ ಕೂರಲು, ಎಣಿಕೆಯಲ್ಲಿ ಕೂರಲು ಏಜೆಂಟರು ಸಿಗುತ್ತಾರೆ. ಎದುರಾಳಿಯ ಜಾತಿಯವನೇ ಆದರೆ ನಾಲ್ಕು ವೋಟು ಒಡೆಯಬಹುದು. ಇನ್ನು ಒಂದೇ ಹೆಸರಿನವರ ಆಟ ಬೇರೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಅವರ ಜೊತೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಅಲ್ಲಿ ಅಂತರ ಲಕ್ಷ ದಾಟಿದ್ದರಿಂದ ಏನೂ ಆಗಲಿಲ್ಲ. 2023ರ ಜಯನಗರ ನೋಡಿ. ಸೌಮ್ಯಾ ರೆಡ್ಡಿ ಮರುಎಣಿಕೆಯಲ್ಲಿ ಸೋತದ್ದು ಬರೀ 16 ಮತದಿಂದ. ಅದೇ ಹೆಸರಿನ ಪಕ್ಷೇತರ ಅಭ್ಯರ್ಥಿಗೆ 320 ಮತ ಬಂದಿದ್ದವು. ಮತಯಂತ್ರದ ಮೇಲೆ ಅಭ್ಯರ್ಥಿಗಳ ಫೋಟೋ ಹಾಕಲು ಶುರು ಮಾಡಿದ ಮೇಲೂ ಹೀಗೆ. 2024ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಈ ವಿಷಯ ಬಂದಾಗ, ಅಪ್ಪ ಅಮ್ಮ ಇಟ್ಟ ಹೆಸರಿಗಾಗಿ ಒಬ್ಬರನ್ನು ಚುನಾವಣೆಗೆ ನಿಲ್ಲದಂತೆ ತಡೆಯಲು ಆಗುತ್ತದೆಯೇ ಅಂತ ಕೇಳಿದ ಕೋರ್ಟ್ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಅದೂ ಸರಿಯೇ ಅಲ್ವಾ? ಸಂತೇಮರಹಳ್ಳಿಯಲ್ಲಿ 2004ರಲ್ಲಿ ಎ.ಆರ್. ಕೃಷ್ಣಮೂರ್ತಿ ಒಂದೇ ಒಂದು ಮತದಿಂದ ಸೋತ ರಾಜ್ಯ ನಮ್ಮದು. ಇಲ್ಲಿ ಪಟ್ಟಿಯ ಕೆಳಗಿನ ನೂರಿನ್ನೂರು ವೋಟಿಗೂ ಬೆಲೆ ಇದೆ, ಬೆಲೆ ಕಟ್ಟುವವರೂ ಇದ್ದಾರೆ.

ಹಾಗಾದರೆ ಠೇವಣಿ ತಡೆದಿದ್ದು ಯಾರನ್ನು? ನನ್ನ ಪ್ರಕಾರ ಮೇಷ್ಟ್ರಂಥವರನ್ನು. 2023ರಲ್ಲಿ ಯಾದಗಿರಿಯ ಒಬ್ಬ ಪಕ್ಷೇತರ ಪೂರ್ತಿ 10,000 ರೂಪಾಯಿಯನ್ನು ಒಂದೊಂದು ರೂಪಾಯಿ ನಾಣ್ಯದಲ್ಲಿ ತಂದು ಸುರಿದರು. ಊರೂರು ಸುತ್ತಿ ಮತದಾರರ ಹತ್ತಿರ ಎತ್ತಿದ ದುಡ್ಡು. ಸಿಬ್ಬಂದಿ ಕೂತು ಎಣಿಸುವ ವಿಡಿಯೋ ಎಲ್ಲರೂ ನೋಡಿ ನಕ್ಕಿದ್ದೇ ನಕ್ಕಿದ್ದು. ಆದರೆ 1952ರಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಲ್ಲಿ ಒಬ್ಬ ದೊಡ್ಡ ಜಮೀನ್ದಾರರ ಎದುರು ನಿಂತಾಗ "ಒಂದು ವೋಟು, ಒಂದು ನೋಟು" ಅಂತಲೇ ಕೇಳಿದ್ದು, ಗೆದ್ದೂ ಬಿಟ್ಟರು. ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇವೆ. ಯಾದಗಿರಿಯವರು ಮಾಡಿದ್ದೂ ಅದನ್ನೇ. ಗೆಲ್ಲಲಿಲ್ಲ, ಅಷ್ಟೇ ವ್ಯತ್ಯಾಸ.

ಗೆಲ್ಲುವ ಜಾಗವೂ ಆಗ ಇತ್ತು ಅನ್ನುವುದು ಈಗಿನವರಿಗೆ ನಂಬಲು ಕಷ್ಟ. 1967ರಲ್ಲಿ 216 ಸ್ಥಾನಗಳ ನಮ್ಮ ವಿಧಾನಸಭೆಗೆ 41 ಪಕ್ಷೇತರರು ಗೆದ್ದು ಬಂದಿದ್ದರು. 1983ರಲ್ಲಿ 22. ಮೇಷ್ಟ್ರು ನಿಂತ 2008ರಲ್ಲಿ ಆರು ಜನ. ಬಹುಮತ ಸಿಗದೆ ಬಿಜೆಪಿ 110ಕ್ಕೆ ನಿಂತಿದ್ದರಿಂದ ಆ ಆರರಲ್ಲಿ ಐವರು ಮಂತ್ರಿಗಳಾದರು. ಪಕ್ಷೇತರ ಅಂದರೆ ಬೆಲೆ ಕುದುರಿಸುವವನು ಅಂತ ಜನರ ಮನಸ್ಸಿನಲ್ಲಿ ಗಟ್ಟಿಯಾಗಿದ್ದು ಆಗಲೇ ಇರಬೇಕು. ಊರಲ್ಲಿ ಮೇಷ್ಟ್ರನ್ನೂ ಬಿಡಲಿಲ್ಲ. "ಗೆದ್ದಿದ್ರೆ ನೀವೂ ಮಿನಿಸ್ಟ್ರು ಆಗ್ತಿದ್ರಿ" ಅಂತ ಹೋಟೆಲಿನಲ್ಲಿ ಕಾಲೆಳೆಯುತ್ತಿದ್ದರು.

ಗುಡ್ಡದ ಬುಡದ ಬೂತು

ಆ ವರ್ಷ ಎಣಿಕೆ ನಡೆದದ್ದು ಮೇ 25ಕ್ಕೆ. ನಾನು ಮೇಷ್ಟ್ರ ಎಣಿಕೆ ಏಜೆಂಟ್ ಆಗಿ ತುಮಕೂರಿಗೆ ಹೋಗಿದ್ದೆ. ಜಾಲರಿಯ ಆಚೆ ಟೇಬಲ್, ಈಚೆ ನಾವು. ಯಂತ್ರದ ಬಟನ್ ಒತ್ತಿದರೆ ಒಂದೊಂದೇ ಕ್ರಮಸಂಖ್ಯೆಯ ಮತ ತೋರಿಸುತ್ತಾ ಹೋಗುತ್ತದೆ. ದೊಡ್ಡ ಪಕ್ಷಗಳ ಏಜೆಂಟರು ಮೇಲಿನ ಮೂರು ಬರೆದುಕೊಂಡು ಪೆನ್ನು ಕೆಳಗಿಡುತ್ತಿದ್ದರು. ಮತಯಂತ್ರದಲ್ಲಿ ಪಕ್ಷೇತರರು ಬರುವುದು ಕೊನೆಗೆ. ಹಾಗಾಗಿ ನಾನು ಕೊನೆಯವರೆಗೆ ಕಣ್ಣು ನೆಟ್ಟು ಕೂರಬೇಕಿತ್ತು. ನಾಲ್ಕು, ಎರಡು, ಏಳು, ಒಂದು. ನಮ್ಮೂರ ಬೂತಿನಲ್ಲಿ ಮೂವತ್ತು ಚಿಲ್ಲರೆ ಬಂತು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. "ಪರವಾಗಿಲ್ವೇ" ಅಂದರು. ಆಮೇಲೆ ಒಂದು ಬೂತಿನಲ್ಲಿ ನೂರ ಅರವತ್ತರ ಮೇಲೆ ತೋರಿಸಿತು. ತಪ್ಪು ಓದಿದೆ ಅಂದುಕೊಂಡು ಮತ್ತೊಮ್ಮೆ ತೋರಿಸಲು ಕೇಳಿದೆ. ಸರಿಯಾಗೇ ಇತ್ತು. ಅದು ಕ್ಷೇತ್ರದ ಇನ್ನೊಂದು ತುದಿಯ ಊರು, ಗುಡ್ಡದ ಬುಡದಲ್ಲಿದೆ. ನಾವು ಅಲ್ಲಿಗೆ ಪ್ರಚಾರಕ್ಕೇ ಹೋಗಿರಲಿಲ್ಲ. ಆಟೋಗೆ ಪೆಟ್ರೋಲ್ ಹಾಕಿಸಲು ದುಡ್ಡು ಸಾಲದೆ ಆ ಕಡೆ ಬಿಟ್ಟಿದ್ದೆವು.

ಠೇವಣಿ ಹೋಯಿತು. ಒಟ್ಟು ಸಾವಿರದ ಆಸುಪಾಸು ಮತ. ಮೇಷ್ಟ್ರಿಗೆ ಅದರ ಚಿಂತೆ ಇರಲಿಲ್ಲ. ಆ ಊರಿನವರು ಯಾಕೆ ಹಾಕಿದರು ಅನ್ನುವುದೊಂದೇ ಕೊರೆಯುತ್ತಿತ್ತು. ಅಲ್ಲಿ ಅವರಿಗೆ ಸಂಬಂಧಿಕರಿಲ್ಲ, ಶಿಷ್ಯರಿಲ್ಲ, ಜಾತಿಯವರೂ ಇಲ್ಲ. ವಾರದೊಳಗೆ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟರು. ಅರಳಿಕಟ್ಟೆ ಮೇಲೆ ಕೂತು, "ನಾನೇ ಬಕೆಟ್ ಗುರುತಿನವನು, ವೋಟು ಹಾಕಿದ್ದಕ್ಕೆ ನಮಸ್ಕಾರ ಹೇಳೋಣ ಅಂತ ಬಂದೆ" ಅಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಗೊತ್ತೇ ಇರಲಿಲ್ಲ. ನಲ್ಲಿ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ನಗುತ್ತಾ ಮುಂದೆ ಬಂದಳು. "ನಾವು ಹಾಕಿದ್ದು ಸ್ವಾಮಿ. ಮೋಟ್ರು ಸುಟ್ಟು ಎಷ್ಟು ದಿನಾಯ್ತು, ಎಲ್ಡು ಮೈಲಿ ದೂರದಿಂದ ಹೊರ್ತೀವಿ. ವೋಟ್ ಕೇಳಕ್ಕೆ ಬಂದೋರಿಗೆಲ್ಲ ಹೇಳಿದ್ವಿ. ಒಳಗೆ ಹೋಗಿ ನೋಡಿದ್ರೆ ಬಕೆಟ್ಟು ಕಾಣ್ತು. ಹೆಂಗಸರೆಲ್ಲ ಅದಕ್ಕೇ ಒತ್ರಮ್ಮಿ ಅಂತ ಹೇಳ್ಕೊಂಡ್ವಿ. ನೀವು ಯಾರೋ ನಮಗೇನ್ ಗೊತ್ತು?"

ಮೇಷ್ಟ್ರು ಬಾಯಿ ತುಂಬ ನಕ್ಕರು. ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದು ಮೋಟರಿನ ಅಶ್ವಶಕ್ತಿ ಎಷ್ಟು, ಸುಟ್ಟ ತಾರೀಕು ಯಾವುದು, ಎಷ್ಟು ಮನೆ ಅಂತ ಬರೆದುಕೊಂಡರು. ತಾಲ್ಲೂಕು ಪಂಚಾಯಿತಿಗೆ ಬರೆದ ಅರ್ಜಿಯಲ್ಲಿ, ನೀರಿಲ್ಲ ಅಂತ ಈ ಊರಿನ ನೂರ ಅರವತ್ತಕ್ಕೂ ಹೆಚ್ಚು ಜನ ವಿಧಾನಸಭಾ ಚುನಾವಣೆಯಲ್ಲೇ ತಿಳಿಸಿದ್ದಾರೆ, ದಾಖಲೆ ನಿಮ್ಮಲ್ಲೇ ಇದೆ ಅಂತ ಬೂತಿನ ಸಂಖ್ಯೆ ಸಮೇತ ಬರೆದರು. ಮೋಟರ್ ಬಂದದ್ದು 2010ರ ಶುರುವಿನಲ್ಲಿ. ಅರ್ಜಿಯ ಪ್ರಭಾವ ಅಂತ ಮೇಷ್ಟ್ರು ಹೇಳುತ್ತಿದ್ದರು. ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು ಅಂತ ನಾನು ಹೇಳುತ್ತಿದ್ದೆ. ಶಾಲೆಯ ಬಯಲು ಇವತ್ತಿಗೂ ಹಾಗೇ ಇದೆ.

2013ರಲ್ಲಿ ಅವರು ನಿಲ್ಲಲಿಲ್ಲ. ಠೇವಣಿ ಹತ್ತು ಸಾವಿರ ಆಗಿತ್ತು, ಮನೆಯವರೂ ಬಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೋಟಾ ಕೊಡಿ ಅಂತ ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆ ಯಾರಿಗೂ ಮತ ಹಾಕುವುದಿಲ್ಲ ಅನ್ನುವವರು ಬೂತಿನ ರಿಜಿಸ್ಟರಿನಲ್ಲಿ ಎಲ್ಲರ ಎದುರು ಬರೆಸಬೇಕಿತ್ತು. ಆ ಹೆಂಗಸರಿಗೆ ಅದೆಲ್ಲ ಎಲ್ಲಿ ಗೊತ್ತಿರಬೇಕು. ಈಗ ಅವರಿಗೆ ಬಕೆಟ್ ಹುಡುಕುವ ಕೆಲಸವಿಲ್ಲ, ಪಟ್ಟಿಯ ಕಟ್ಟಕಡೆಯಲ್ಲಿ ಅವರದೇ ಬಟನ್ ಇದೆ. ಒಳ್ಳೆಯದಾಯಿತಲ್ಲ ಮೇಷ್ಟ್ರೇ ಅಂತ ಫೋನಿನಲ್ಲಿ ಅಂದೆ. "ಒಳ್ಳೇದೇ ಕಣೋ" ಅಂದರು. "ಆದ್ರೆ ನೋಟಾಗೆ ನೂರ ಅರವತ್ತು ಬಿದ್ರೆ, ಯಾಕೆ ಹಾಕಿದ್ರಿ ಅಂತ ಬಸ್ ಹತ್ತಿ ಕೇಳಕ್ಕೆ ಹೋಗೋನು ಯಾರು?"